ಐದೂವರೆ ಕ್ಷೇತ್ರಗಳ ಜಿಲ್ಲೆ: ಕಾಸರಗೋಡಿನಲ್ಲಿ ಮುಂದಿನ ಗೆರೆ ಎಲ್ಲಿ ಬೀಳಬೇಕು?

ಕೇರಳ ವಿಧಾನಸಭೆಯಲ್ಲಿ 140 ಸ್ಥಾನಗಳಿವೆ. 2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 3,34,06,061. ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸರಾಸರಿ 2,38,615 ಮಂದಿ ಬರುತ್ತಾರೆ. ಅದೇ ಗಣತಿಯಲ್ಲಿ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13,07,375. ಅಂದರೆ ಇಲ್ಲಿರುವುದು 5.48 ಕ್ಷೇತ್ರಗಳಿಗೆ ಸಾಕಾಗುವಷ್ಟು ಜನ. ಇರುವ ಕ್ಷೇತ್ರಗಳು ಐದು. ಮಂಜೇಶ್ವರ, ಕಾಸರಗೋಡು, ಉದುಮ, ಕಾಞಂಗಾಡು, ತೃಕ್ಕರಿಪುರ. ಜಿಲ್ಲೆಯ ಪ್ರತಿಯೊಬ್ಬ ಶಾಸಕರ ಪಾಲಿಗೆ ರಾಜ್ಯದ ಸರಾಸರಿಗಿಂತ ಸುಮಾರು 22,860 ಮಂದಿ ಹೆಚ್ಚು.

2001ರ ಗಣತಿಯ ಪ್ರಕಾರ ಇದೇ ಲೆಕ್ಕ ಹಾಕಿದರೆ ಉತ್ತರ 5.29. ಆ ಗಣತಿಯ ಆಧಾರದಲ್ಲಿ 2008ರಲ್ಲಿ ಕ್ಷೇತ್ರ ಪುನರ್ವಿಂಗಡಣೆ, ಅಂದರೆ ಕ್ಷೇತ್ರಗಳ ಗಡಿಗೆರೆಯನ್ನು ಹೊಸದಾಗಿ ಎಳೆಯುವ ಕೆಲಸ, ಆದಾಗ ಐದೇ ಉಳಿದದ್ದು ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಆಮೇಲಿನ ಹತ್ತು ವರ್ಷದಲ್ಲಿ ಜಿಲ್ಲೆಯ ಜನಸಂಖ್ಯೆ ಶೇ. 8.6ರಷ್ಟು ಬೆಳೆಯಿತು, ರಾಜ್ಯದ್ದು ಶೇ. 4.9ರಷ್ಟು. ಹಾಗಾಗಿ ಪಾಲು 5.48ಕ್ಕೆ ಏರಿತು. ಈ ಅಂತರ ಅರ್ಧದಷ್ಟಾದರೂ ಉಳಿದಿದ್ದರೆ 2027ರ ಜನಗಣತಿಯಲ್ಲಿ ಜಿಲ್ಲೆ 5.5 ದಾಟುತ್ತದೆ, ಆರನೆಯ ಕ್ಷೇತ್ರದ ಹಕ್ಕು ಹುಟ್ಟುತ್ತದೆ. ರಾಜ್ಯದ ಒಟ್ಟು ಸ್ಥಾನಗಳನ್ನೇ ಹೆಚ್ಚಿಸಿದರೆ ಈ ವಾದಕ್ಕೆ ಇನ್ನಷ್ಟು ಬಲ. ಉದಾಹರಣೆಗೆ ಸ್ಥಾನಗಳು 160 ಆದರೆ 2011ರ ಅಂಕಿಯಲ್ಲೇ ಜಿಲ್ಲೆಯ ಪಾಲು 6.26.

ಕಾಸರಗೋಡಿನ ಕನ್ನಡಿಗರ ರಾಜಕೀಯ ಚರ್ಚೆ ಅಭ್ಯರ್ಥಿ ಯಾರು, ಅವರಿಗೆ ಕನ್ನಡ ಬರುತ್ತದೆಯೇ, ಪ್ರಮಾಣವಚನ ಯಾವ ಭಾಷೆಯಲ್ಲಿ ಎಂಬುದರ ಸುತ್ತಲೇ ತಿರುಗುತ್ತದೆ. ಅದೆಲ್ಲ ಬೇಕಾದದ್ದೇ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದ್ದು ಗಡಿನಾಡಿಗೆ ಸಂತೋಷ ಕೊಟ್ಟ ಸಂಗತಿ. ಆದರೆ ಯಾರು ಯಾರೊಂದಿಗೆ ಸೇರಿ ಮತ ಹಾಕಬೇಕು ಎಂಬುದು ಅಭ್ಯರ್ಥಿಗಳ ಪಟ್ಟಿ ಹೊರಡುವುದಕ್ಕೆ ಎಷ್ಟೋ ಮೊದಲು, ನಕ್ಷೆಯ ಮೇಲೆ ತೀರ್ಮಾನವಾಗಿರುತ್ತದೆ. ಆ ನಕ್ಷೆ ಬದಲಾಗುವ ಕಾಲ ಹತ್ತಿರ ಬಂದಿದೆ. ಅದರ ಬಗ್ಗೆ ನಮ್ಮಲ್ಲಿ ತಯಾರಿ ಇಲ್ಲ ಎಂಬುದೇ ಈ ಲೇಖನದ ಕಳವಳ.

ಈಗಿನ ಕಾಸರಗೋಡು ಕ್ಷೇತ್ರವನ್ನು ನೋಡೋಣ. ಕಾಸರಗೋಡು ನಗರಸಭೆ, ಅದರ ಜೊತೆಗೆ ಏಳು ಗ್ರಾಮ ಪಂಚಾಯತ್‌ಗಳು: ಮೊಗ್ರಾಲ್ ಪುತ್ತೂರು, ಮಧೂರು, ಚೆಂಗಳ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕ. ಮೊದಲ ಮೂರು ಪೇಟೆಗೆ ತಾಗಿಕೊಂಡಿವೆ. ಹೆಸರಿಗೆ ಗ್ರಾಮ, ಬದುಕು ನಗರದ್ದು. ಉಳಿದ ನಾಲ್ಕು ಒಳನಾಡಿನ ಅಡಿಕೆ ತೋಟಗಳ ಊರುಗಳು. ಕ್ಷೇತ್ರದ ಕನ್ನಡದ ಬೇರು ಗಟ್ಟಿಯಾಗಿರುವುದು ಇಲ್ಲಿ. ನಗರದೊಳಗಿನ ತಳಂಗರೆಯ ಮತದಾರರಿಗೆ ಬೇಕಾದದ್ದು ಚರಂಡಿ, ಕುಡಿಯುವ ನೀರು, ರಾಷ್ಟ್ರೀಯ ಹೆದ್ದಾರಿಯ ಸರ್ವಿಸ್ ರಸ್ತೆ, ಜನರಲ್ ಆಸ್ಪತ್ರೆಯ ವೈದ್ಯರು. ಬೆಳ್ಳೂರಿನವರಿಗೆ ಬೇಕಾದದ್ದು ಕೊಳೆರೋಗಕ್ಕೆ ಪರಿಹಾರ, ಸಂಜೆಯ ಕೊನೆಯ ಬಸ್ಸು, ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು. ಇಬ್ಬರ ಬೇಡಿಕೆಯೂ ನ್ಯಾಯವಾದದ್ದು. ಎರಡನ್ನೂ ಒಬ್ಬ ಶಾಸಕರ ಹೆಗಲಿಗೆ ಹಾಕಿದಾಗ ಹೆಚ್ಚು ಮತವಿರುವ ಕಡೆಗೆ ಗಮನ ಹೋಗುವುದು ಸಹಜ. ಹೆಚ್ಚು ಮತ ಇರುವುದು ನಗರದ ಸುತ್ತ.

ಚುನಾವಣೆಯ ಅಂಕಿಗಳು ಇದನ್ನೇ ಹೇಳುತ್ತವೆ. 2011ರಿಂದ 2021ರವರೆಗಿನ ಮೂರೂ ಚುನಾವಣೆಗಳಲ್ಲಿ ಮುಸ್ಲಿಂ ಲೀಗಿನ ಎನ್.ಎ. ನೆಲ್ಲಿಕುನ್ನು ಗೆದ್ದರು, ಬಿಜೆಪಿ ಎರಡನೆಯ ಸ್ಥಾನದಲ್ಲಿತ್ತು, ಎಡರಂಗ ಮೂರನೆಯದು. 2011ರಲ್ಲಿ ಜಯಲಕ್ಷ್ಮಿ ಎನ್. ಭಟ್ ವಿರುದ್ಧ ಅಂತರ 9,738, 2016ರಲ್ಲಿ ರವೀಶ ತಂತ್ರಿ ಕುಂಟಾರು ವಿರುದ್ಧ 8,607, 2021ರಲ್ಲಿ ಕೆ. ಶ್ರೀಕಾಂತ್ ವಿರುದ್ಧ 12,901. ಕೊನೆಯದರಲ್ಲಿ ಲೀಗಿಗೆ 63,296, ಬಿಜೆಪಿಗೆ 50,395, ಎಡರಂಗದ ಐಎನ್‌ಎಲ್ (ಇಂಡಿಯನ್ ನ್ಯಾಷನಲ್ ಲೀಗ್) ಅಭ್ಯರ್ಥಿಗೆ 28,323 ಮತ ಬಂದವು. ಗೆದ್ದವರ ಪಾಲು ಶೇ. 44ರ ಆಸುಪಾಸು. ಅರ್ಧಕ್ಕಿಂತ ಹೆಚ್ಚು ಮತದಾರರು ಬೇರೆಯವರನ್ನು ಬಯಸಿದ್ದರು ಎಂಬುದು ತ್ರಿಕೋನ ಸ್ಪರ್ಧೆಯ ಎಲ್ಲ ಕ್ಷೇತ್ರಗಳಲ್ಲೂ ಕಾಣುವ ಮಾತು, ಅದರಲ್ಲಿ ಹೊಸದೇನಿಲ್ಲ. ಇಲ್ಲಿ ಗಮನಿಸಬೇಕಾದದ್ದು ಬೇರೆ. 12,901 ಮತ ಎಂದರೆ ಒಂದು ಮಧ್ಯಮ ಗಾತ್ರದ ಪಂಚಾಯತ್ತಿನಲ್ಲಿ ಚಲಾವಣೆಯಾಗುವಷ್ಟು ಮತ. ಲೀಗಿಗೆ ಬಲ ಕೊಡುವ ಚೆಂಗಳ, ಬಿಜೆಪಿಯ ಹಳೆಯ ನೆಲೆಯಾದ ಮಧೂರು, ಇವುಗಳಲ್ಲಿ ಒಂದನ್ನು ಗೆರೆಯ ಆಚೆಗಿಟ್ಟರೂ ಕ್ಷೇತ್ರದ ಸ್ವಭಾವ ಬದಲಾಗುತ್ತದೆ.

ಮಂಜೇಶ್ವರದಲ್ಲಂತೂ ಒಂದು ಪಂಚಾಯತ್ ಕೂಡ ಬೇಡ, ಒಂದು ವಾರ್ಡ್ ಸಾಕು. 2016ರಲ್ಲಿ ಪಿ.ಬಿ. ಅಬ್ದುಲ್ ರಝಾಕ್ ಗೆದ್ದದ್ದು 89 ಮತಗಳಿಂದ. 2021ರಲ್ಲಿ ಅಶ್ರಫ್ ಗೆದ್ದದ್ದು 745 ಮತಗಳಿಂದ. ಹೀಗಿರುವಾಗ ಗೆರೆ ಹಾಕುವ ದಿನ ಮೂರೂ ರಂಗಗಳು ತಮ್ಮ ತಮ್ಮ ಮತಗಟ್ಟೆ ಲೆಕ್ಕ ಹಿಡಿದುಕೊಂಡು ಕೂರುತ್ತವೆ. ಭಾಷೆಯ ಲೆಕ್ಕ ಹಿಡಿದುಕೊಂಡು ಕೂರುವವರು ಯಾರು?

ಒಂದು ಕಾಲದಲ್ಲಿ ಅಂಥವರಿದ್ದರು. 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಅಲ್ಲಿ 1960 ಮತ್ತು 1967ರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿ ಗೆದ್ದರು. 1967ರಲ್ಲಿ ಕಾಸರಗೋಡು ಕ್ಷೇತ್ರದಿಂದಲೇ, ಈ ನಾಡು ಕನ್ನಡ ರಾಜ್ಯದಲ್ಲಿ ವಿಲೀನವಾಗಬೇಕೆಂದು ಹೋರಾಡಿದ ಕರ್ನಾಟಕ ಸಮಿತಿಯ ಯು.ಪಿ. ಕುಣಿಕುಳ್ಳಾಯ ಆಯ್ಕೆಯಾದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು, ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ಶಿಫಾರಸು ಮಾಡಿದ್ದೂ ಅದೇ ವರ್ಷ. ಆಮೇಲೆ ವಿಲೀನದ ಆಸೆ ಕರಗಿದ ಹಾಗೆ ಸಮಿತಿಯ ಮತಗಳು ಪಕ್ಷಗಳಿಗೆ ಹಂಚಿಹೋದವು. ಇವತ್ತು ಕನ್ನಡಿಗರ ಮತ ಬಿಜೆಪಿಗೂ ಇದೆ, ಎಡರಂಗಕ್ಕೂ ಇದೆ, ಕಾಂಗ್ರೆಸ್ಸಿಗೂ ಇದೆ. ಕನ್ನಡ ಶಾಲೆಯಲ್ಲೇ ಓದಿದ ಮುಸ್ಲಿಮರ ಮತ ಲೀಗಿಗೂ ಇದೆ. ಕನ್ನಡವನ್ನು ಒಂದೇ ಪಕ್ಷದ ಆಸ್ತಿಯೆಂದು ಕಾಣುವ ರೂಢಿ ಇಲ್ಲಿನ ಭಾಷಾ ಹೋರಾಟಕ್ಕೆ ಮಾಡಿರುವ ಹಾನಿ ಸಣ್ಣದಲ್ಲ.

ಇನ್ನು ನಗರದ ಮಾತು. 2011ರಲ್ಲಿ ಕಾಸರಗೋಡು ನಗರಸಭೆಯ ಜನಸಂಖ್ಯೆ 54,172. ಆದರೆ ಜನಗಣತಿ ಇಲಾಖೆ ನಗರವೆಂದು ಒಟ್ಟಾಗಿ ಗುರುತಿಸಿದ ಕಾಸರಗೋಡು ನಗರ ಸಮೂಹದ ಜನಸಂಖ್ಯೆ 1,92,761. ಜನಗಣತಿಯ ಕಣ್ಣಿಗೆ ನಗರವಾದ ಈ ಪ್ರದೇಶದ ಮುಕ್ಕಾಲು ಪಾಲಿಗೆ ಸ್ವಲ್ಪವೇ ಕಡಿಮೆ ಜನ ಆಡಳಿತದ ಲೆಕ್ಕದಲ್ಲಿ ಗ್ರಾಮಸ್ಥರು. ಇದರಿಂದ ಪ್ರಾತಿನಿಧ್ಯದಲ್ಲಿ ಏನು ವ್ಯತ್ಯಾಸ ಎಂದು ಕೇಳಬಹುದು. ವ್ಯತ್ಯಾಸ ದೊಡ್ಡದೇ ಇದೆ.

ಕೇರಳದಲ್ಲಿ 2024ರ ತಿದ್ದುಪಡಿಯ ಬಳಿಕ ನಗರಸಭೆಗೆ ಮೊದಲ 20,000 ಜನರಿಗೆ 26 ಸದಸ್ಯರು, ನಂತರದ ಪ್ರತಿ 2,500 ಮಂದಿಗೆ ಒಬ್ಬರು, ಗರಿಷ್ಠ 53. ಗ್ರಾಮ ಪಂಚಾಯತ್ತಿಗೆ ಮೊದಲ 15,000 ಜನರಿಗೆ 14 ಸದಸ್ಯರು, ನಂತರ ಪ್ರತಿ 2,500ಕ್ಕೆ ಒಬ್ಬರು, ಗರಿಷ್ಠ 24. ಹಾಗಾಗಿ ಕಾಸರಗೋಡು ನಗರಸಭೆಗೆ 39 ವಾರ್ಡ್, ವಾರ್ಡಿಗೆ ಸರಾಸರಿ 1,389 ಜನ. ಈಗ 50,000 ಜನರಿರುವ, ಪೇಟೆಗೆ ತಾಗಿದ ಒಂದು ಪಂಚಾಯತ್ತನ್ನು ಊಹಿಸಿ. ನಗರಸಭೆಯಾಗಿದ್ದರೆ 38 ಸದಸ್ಯರು ಇರುತ್ತಿದ್ದರು, ತಲಾ 1,316 ಜನ. ಪಂಚಾಯತ್ ಆಗಿರುವುದರಿಂದ 24ಕ್ಕೆ ನಿಲ್ಲುತ್ತದೆ, ತಲಾ 2,083 ಜನ. 40,000 ದಾಟಿದ ಯಾವ ಪಂಚಾಯತ್ತೂ ಎಷ್ಟು ಬೆಳೆದರೂ ಒಬ್ಬ ಸದಸ್ಯನನ್ನೂ ಹೆಚ್ಚು ಪಡೆಯುವುದಿಲ್ಲ.

ಭಾಷಾ ಅಲ್ಪಸಂಖ್ಯಾತರಿಗೆ ಇದು ಯಾಕೆ ಮುಖ್ಯ? ವಾರ್ಡ್ ಸಣ್ಣದಾದಷ್ಟೂ ಒಂದೇ ಕಡೆ ನೆಲೆಸಿದ ಸಣ್ಣ ಸಮುದಾಯ ತನ್ನವರನ್ನು ಆರಿಸಬಲ್ಲದು. 1,400 ಜನರ ವಾರ್ಡಿನಲ್ಲಿ ಒಂದೆರಡು ಬೀದಿಗಳ ಕನ್ನಡ, ಕೊಂಕಣಿ, ಮರಾಠಿ, ತುಳು ಮನೆಗಳು ಫಲಿತಾಂಶ ತೀರ್ಮಾನಿಸಬಲ್ಲವು. 2,100 ಜನರ ವಾರ್ಡಿನಲ್ಲಿ ಅದೇ ಮನೆಗಳು ಕರಗಿಹೋಗುತ್ತವೆ. ಎರಡು ಲಕ್ಷದ ಆಸುಪಾಸು ಮತದಾರರ ವಿಧಾನಸಭಾ ಕ್ಷೇತ್ರದಲ್ಲಿ ಅವುಗಳ ಗುರುತೂ ಸಿಗುವುದಿಲ್ಲ. 2020ರ ಚುನಾವಣೆಯ ನಂತರ 38 ಸ್ಥಾನಗಳ ನಗರಸಭೆಯಲ್ಲಿ ಲೀಗಿಗೆ 21, ಬಿಜೆಪಿಗೆ 14 ಸ್ಥಾನ ಇದ್ದವು. ಶಾಸಕ ಸ್ಥಾನ ಯಾರಿಗೆ ಹೋದರೂ, ನಗರದೊಳಗಿನ ಕರಂದಕ್ಕಾಡು, ಬೀರಂತಬೈಲು ಕಡೆಯ ನಿವಾಸಿಗಳಿಗೆ ಸಭೆಯೊಳಗೆ ಒಂದು ದನಿ ಇದ್ದದ್ದು ವಾರ್ಡ್ ಸಣ್ಣದಿದ್ದುದರಿಂದ.

ವಾರ್ಡ್ ವಿಭಜನೆ ಹೇಗೆ ನಡೆಯುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ತಿಳಿದಿರಬೇಕು. ರಾಜ್ಯ ಚುನಾವಣಾ ಆಯುಕ್ತರು ಅಧ್ಯಕ್ಷರಾಗಿರುವ ಡಿಲಿಮಿಟೇಶನ್ ಆಯೋಗ ಈ ಕೆಲಸ ಮಾಡುತ್ತದೆ. ಕರಡು ತಯಾರಿಸುವುದು ಸ್ಥಳೀಯ ಸಂಸ್ಥೆಯ ಕಾರ್ಯದರ್ಶಿ. ಈ ಸಲ 2024ರ ನವೆಂಬರ್‌ನಲ್ಲಿ ಕರಡು ಪ್ರಕಟವಾಯಿತು, ಡಿಸೆಂಬರ್ ಮೊದಲ ವಾರದೊಳಗೆ ಆಕ್ಷೇಪ ಸಲ್ಲಿಸಬೇಕಿತ್ತು. ಎರಡು ವಾರ ಮಾತ್ರ. ಹೊಸ ವಾರ್ಡಿನ ಗಡಿಗೆ ಜನಗಣತಿಯ ಅಂಕಿ ನೇರವಾಗಿ ಸಿಗದ ಕಾರಣ ಮನೆಗಳ ಎಣಿಕೆಯಿಂದ ಜನಸಂಖ್ಯೆ ಅಂದಾಜಿಸುತ್ತಾರೆ. ತಪ್ಪು ನುಸುಳುವುದು ಇಲ್ಲೇ. ಬೀಗ ಹಾಕಿದ ಗಲ್ಫ್ ಮನೆಯೂ ಒಂದು ಮನೆ, ಮೂರು ಒಲೆ ಉರಿಯುವ ಕೂಡುಕುಟುಂಬವೂ ಒಂದು ಮನೆ. ಫ್ಲ್ಯಾಟುಗಳು ಹೆಚ್ಚಿರುವ ಕಡೆ ಮನೆ ಸಂಖ್ಯೆ ಉಬ್ಬುತ್ತದೆ, ಕಡಲ ಕರೆಯ ಕಿಕ್ಕಿರಿದ ಕೇರಿಗಳಲ್ಲಿ ಕುಗ್ಗುತ್ತದೆ. “ನಮ್ಮ ಜನರನ್ನು ಒಡೆದಿದ್ದಾರೆ” ಎಂದು ಬರೆದ ಆಕ್ಷೇಪ ಕಡತದಲ್ಲೇ ಉಳಿಯುತ್ತದೆ. ಇಂಥ ಮನೆ ನಂಬರಿನಿಂದ ಇಂಥ ನಂಬರಿನವರೆಗೆ ಇಷ್ಟು ಮನೆ, ಕರಡಿನಲ್ಲಿ ತೋರಿಸಿದ್ದು ಇಷ್ಟು, ತೋಡು ಅಥವಾ ರಸ್ತೆ ಇರುವುದು ಇಲ್ಲಿ, ಗೆರೆ ಹೋಗಿರುವುದು ಅಲ್ಲಿ ಎಂದು ಬರೆದದ್ದಕ್ಕೆ ವಿಚಾರಣೆಯಲ್ಲಿ ಉತ್ತರ ಹೇಳಲೇಬೇಕಾಗುತ್ತದೆ.

ವಾರ್ಡಿನ ಮಟ್ಟದ ಮತ್ತೊಂದು ತೊಡಕು ಸರದಿ ಮೀಸಲಾತಿ. ಅರ್ಧದಷ್ಟು ವಾರ್ಡುಗಳು ಮಹಿಳೆಯರಿಗೆ ಮೀಸಲು, ಪ್ರತಿ ಚುನಾವಣೆಗೆ ಅದಲುಬದಲು. ಇದರಿಂದ ಎಷ್ಟೋ ಸಮರ್ಥ ಮಹಿಳೆಯರು ಮುಂದೆ ಬಂದಿದ್ದಾರೆ. ಆದರೆ ಐದು ವರ್ಷ ಕಡತ ಓಡಾಡಿಸಲು ಕಲಿತ ಸದಸ್ಯೆಗೆ ವಾರ್ಡ್ ಸಾಮಾನ್ಯವಾದ ಕೂಡಲೇ ಪಕ್ಷ ಟಿಕೆಟ್ ಕೊಡುವುದಿಲ್ಲ. ಕನ್ನಡ ಬಲ್ಲ ಸದಸ್ಯರು ಬೆರಳೆಣಿಕೆಯಷ್ಟಿರುವ ಕಡೆ ಈ ನಷ್ಟ ಇಮ್ಮಡಿ.

ಈಗ ಜನಗಣತಿಗೆ ಬರೋಣ. ಗಣತಿಯ ಆಧಾರ ದಿನಾಂಕ 2027ರ ಮಾರ್ಚ್ 1. ಸಂವಿಧಾನದ 170ನೇ ವಿಧಿಗೆ 84ನೇ ತಿದ್ದುಪಡಿ ಹಾಕಿದ ತಡೆಯ ಪ್ರಕಾರ, 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವ ತನಕ ವಿಧಾನಸಭೆಗಳ ಸ್ಥಾನ ಹಂಚಿಕೆ ಬದಲಾಗಬೇಕಿಲ್ಲ. ಸ್ಥಾನಗಳ ಲೆಕ್ಕಕ್ಕೆ ಬೇಕಾದದ್ದು ತಲೆಎಣಿಕೆ ಮಾತ್ರ. ಮಾತೃಭಾಷೆ ಆ ಸೂತ್ರದಲ್ಲಿ ಬರುವುದಿಲ್ಲ. ಹಾಗೆಂದು ಮಾತೃಭಾಷೆಯ ಕಾಲಂ ನಿಷ್ಪ್ರಯೋಜಕವಲ್ಲ. ಭಾಷಾ ಅಲ್ಪಸಂಖ್ಯಾತ ಪ್ರದೇಶ, ಕನ್ನಡ ಬಲ್ಲ ಗುಮಾಸ್ತರ ಹುದ್ದೆ, ಕನ್ನಡ ಶಾಲೆಯ ಅಧ್ಯಾಪಕರು ಎಂಬ ಎಲ್ಲ ವಾದಗಳಿಗೂ ಕೊನೆಗೆ ಸರಕಾರ ತೆರೆಯುವುದು ಜನಗಣತಿಯ ಪುಟವನ್ನೇ.

2011ರಲ್ಲಿ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯೆಂದು ದಾಖಲಾದವರು ಶೇ. 4ಕ್ಕಿಂತ ಸ್ವಲ್ಪ ಹೆಚ್ಚು, ತುಳು ಶೇ. 9ರ ಹತ್ತಿರ. ತುಳುವರು ತುಳು ಎಂದೇ ಬರೆಸಬೇಕು, ಕೊಂಕಣಿಯವರು ಕೊಂಕಣಿ ಎಂದೇ. ಸುಳ್ಳು ಬರೆಸಿ ಕನ್ನಡದ ಅಂಕಿ ಏರಿಸುವುದು ಯಾರಿಗೂ ಗೌರವ ತರುವುದಿಲ್ಲ. ಆದರೆ ಈ ಮನೆಗಳಲ್ಲಿ ಬಹುಪಾಲು ಶಾಲೆಗೆ, ಪತ್ರಿಕೆಗೆ, ಯಕ್ಷಗಾನಕ್ಕೆ, ಮದುವೆ ಕಾಗದಕ್ಕೆ ಬಳಸುವ ಭಾಷೆ ಕನ್ನಡ. ಅದಕ್ಕೆ ಜಾಗ 2011ರ ನಮೂನೆಯಲ್ಲೇ ಇತ್ತು: ಮಾತೃಭಾಷೆಯ ನಂತರದ ಪ್ರಶ್ನೆ “ತಿಳಿದಿರುವ ಇತರ ಭಾಷೆಗಳು”, ಎರಡರವರೆಗೆ ಬರೆಸಬಹುದಿತ್ತು. ಎಣಿಕೆದಾರರು ಅವಸರದಲ್ಲಿದ್ದರೆ ಈ ಕಾಲಂಗೆ ಮಲಯಾಳಂ, ಇಂಗ್ಲಿಷ್ ಎಂದು ತಾವೇ ತುಂಬಿಬಿಡುವುದುಂಟು. ಮನೆಯ ಎಲ್ಲರ ಹೆಸರಿಗೂ, ಮಕ್ಕಳನ್ನೂ ಸೇರಿಸಿ, ಕೇಳಿ ಬರೆಸಬೇಕು. ಈ ಬಾರಿ ಸ್ವಯಂ ಎಣಿಕೆಗೂ ಅವಕಾಶ ಇದೆ. ಆನ್‌ಲೈನಿನಲ್ಲಿ ತಾವೇ ತುಂಬಿದರೆ ಈ ತಪ್ಪು ತಪ್ಪುತ್ತದೆ. ಕನ್ನಡ ಸಂಘಟನೆಗಳು ಮನೆಮನೆಗೆ ಹೋಗಿ ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಕಡಿಮೆ ಖರ್ಚಿನದ್ದು, ಹೆಚ್ಚು ಕಾಲ ಬಾಳುವಂಥದ್ದು ಇನ್ನೊಂದಿಲ್ಲ.

ಆರನೆಯ ಕ್ಷೇತ್ರ ಬಂದರೆ ಗೆರೆ ಎಲ್ಲಿ? 2002ರ ಪುನರ್ವಿಂಗಡಣಾ ಕಾಯ್ದೆಯ 9ನೇ ಕಲಂ ಹೇಳುವ ಮಾನದಂಡಗಳು ಇವು: ಪ್ರದೇಶ ಆದಷ್ಟು ಒಟ್ಟಾಗಿರಬೇಕು, ಭೌಗೋಳಿಕ ಲಕ್ಷಣ, ಈಗಿರುವ ಆಡಳಿತ ಘಟಕಗಳ ಗಡಿ, ಸಂಪರ್ಕ ಸೌಲಭ್ಯ, ಸಾರ್ವಜನಿಕರ ಅನುಕೂಲ. ಭಾಷೆಯ ಹೆಸರೇ ಇಲ್ಲ. ಮುಂದಿನ ಕಾಯ್ದೆ ಹೊಸದಾಗಿ ಬಂದರೂ ಮಾನದಂಡಗಳು ಇದೇ ಜಾಡಿನಲ್ಲಿರುತ್ತವೆ ಎಂದು ಇಟ್ಟುಕೊಂಡೇ ತಯಾರಾಗುವುದು ಜಾಣತನ. “ಇದು ಅಚ್ಚ ಕನ್ನಡ ಪ್ರದೇಶ, ಒಟ್ಟಿಗಿಡಿ” ಎಂಬ ಮನವಿ ಭಾವನೆಯಾಗಿ ಸರಿ, ಆಯೋಗದ ಮುಂದೆ ನಿಲ್ಲುವುದಿಲ್ಲ. ಅದೃಷ್ಟಕ್ಕೆ, ಕಾಯ್ದೆ ಒಪ್ಪುವ ಮಾನದಂಡಗಳಲ್ಲೇ ನಮ್ಮ ವಾದ ಗಟ್ಟಿಯಾಗಿದೆ.

ಕಾರಡ್ಕ ಬ್ಲಾಕನ್ನು ತೆಗೆದುಕೊಳ್ಳಿ. ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ದೇಲಂಪಾಡಿ, ಮುಳಿಯಾರು, ಬೇಡಡ್ಕ, ಕುತ್ತಿಕ್ಕೋಲು ಸೇರಿ ಒಂದು ಬ್ಲಾಕ್ ಪಂಚಾಯತ್. ವಿಧಾನಸಭೆಯ ಗೆರೆ ಈ ಬ್ಲಾಕನ್ನು ಸೀಳಿದೆ: ಮೊದಲ ಮೂರು ಕಾಸರಗೋಡು ಕ್ಷೇತ್ರಕ್ಕೆ, ಉಳಿದ ನಾಲ್ಕು ಉದುಮಕ್ಕೆ. ಅಡೂರು ಇರುವ ದೇಲಂಪಾಡಿ ಸುಳ್ಯದ ಗಡಿಗೆ ತಾಗಿದ ಪಂಚಾಯತ್. ಅದು ಮತ ಹಾಕುವುದು ಬೇಕಲ ಕೋಟೆಯ ಕಡಲ ಕರೆಯವರ ಜೊತೆ. ಅಡೂರಿನವರ ದಾರಿ ಇರುವುದು ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಮುಳ್ಳೇರಿಯದ ಮೂಲಕ. ಬದಿಯಡ್ಕ, ಪೆರ್ಲದವರ ದಾರಿ ಚೆರ್ಕಳ–ಕಲ್ಲಡ್ಕ ರಸ್ತೆ. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜು ಇರುವುದೂ ಆ ದಾರಿಯಲ್ಲೇ. ಈ ಎರಡು ರಸ್ತೆಗಳು ಒಳನಾಡನ್ನು ಒಂದು ಘಟಕವಾಗಿ ಈಗಾಗಲೇ ಕಟ್ಟಿವೆ. ಆಡಳಿತ ಘಟಕ, ಸಂಪರ್ಕ, ಸಾರ್ವಜನಿಕ ಅನುಕೂಲ, ಮೂರೂ ಒಂದೇ ಕಡೆ ಬೆರಳು ತೋರಿಸುತ್ತವೆ.

ಆಚೆ ಬದಿಯಲ್ಲಿ 1.93 ಲಕ್ಷದ ನಗರ ಸಮೂಹ ಇದೆ. ಜಿಲ್ಲೆಗೆ ಆರು ಕ್ಷೇತ್ರವಾದರೆ 2011ರ ಅಂಕಿಯಲ್ಲಿ ಒಂದಕ್ಕೆ ಬರುವ ಸರಾಸರಿ ಜನಸಂಖ್ಯೆ 2,17,896. ನಗರವೂ ಅದಕ್ಕೆ ತಾಗಿದ ಪ್ರದೇಶವೂ ಸೇರಿ ಹೆಚ್ಚುಕಡಿಮೆ ಒಂದು ಪೂರ್ತಿ ನಗರ ಕ್ಷೇತ್ರ ಆಗಬಲ್ಲದು, ಒಳನಾಡು ಬೇರೆಯಾಗಬಲ್ಲದು. ಕಾಸರಗೋಡು ಪೇಟೆಗೆ ತನ್ನದೇ ಶಾಸಕ, ಅಡಿಕೆಯ ಊರುಗಳಿಗೆ ತಮ್ಮದೇ ಶಾಸಕ. ನಗರದ ಮುಸ್ಲಿಂ ಮತದಾರರಿಗೂ ಇದರಿಂದ ನಷ್ಟವಿಲ್ಲ, ಅವರ ನಗರದ ಸಮಸ್ಯೆಗಳಿಗೆ ಪೂರ್ಣಾವಧಿ ಪ್ರತಿನಿಧಿ ಸಿಗುತ್ತಾರೆ. ಈ ಬೇಡಿಕೆಯನ್ನು ಒಂದು ಸಮುದಾಯದ ವಿರುದ್ಧದ ಬೇಡಿಕೆಯಾಗಿ ಮಂಡಿಸಿದರೆ ಅದು ಅಲ್ಲಿಗೇ ಮುಗಿಯಿತು. ಹಾಗೆ ಮಂಡಿಸಲು ಕಾರಣವೂ ಇಲ್ಲ.

ಕಷ್ಟದ ಪ್ರಶ್ನೆಗಳೂ ಇವೆ, ಅಡಗಿಸಬಾರದು. ಒಳನಾಡಿನ ಕ್ಷೇತ್ರಕ್ಕೆ ಜನಸಂಖ್ಯೆ ಸಾಲದೆ ಬಂದರೆ ಎಣ್ಮಕಜೆ, ಪುತ್ತಿಗೆಯಂಥ ಪಂಚಾಯತ್‌ಗಳನ್ನು ಮಂಜೇಶ್ವರದಿಂದ ಎಳೆಯಬೇಕಾಗುತ್ತದೆ. ಆಗ ಮಂಜೇಶ್ವರದಲ್ಲಿ ಕನ್ನಡದ ತೂಕ ಇಳಿಯುತ್ತದೆ. ಒಂದು ಕ್ಷೇತ್ರದಲ್ಲಿ ನಿರ್ಣಾಯಕವಾಗಿರುವುದೋ, ಎರಡರಲ್ಲಿ ಅಲಕ್ಷಿಸಲಾಗದಷ್ಟು ಇರುವುದೋ? 89 ಮತಗಳ ಅಂತರದ ಕ್ಷೇತ್ರದಲ್ಲಿ ಎಲ್ಲ ಅಭ್ಯರ್ಥಿಗಳೂ ಕನ್ನಡ ಕಲಿಯುತ್ತಾರೆ. ಆ ಲಾಭವನ್ನು ಬಿಟ್ಟುಕೊಡುವುದು ಸರಿಯಲ್ಲ ಎನಿಸುತ್ತದೆ. ಹಾಗಾಗಿ ಎಣ್ಮಕಜೆಯನ್ನು ಮಂಜೇಶ್ವರದಲ್ಲೇ ಬಿಟ್ಟು, ಒಳನಾಡಿಗೆ ದೇಲಂಪಾಡಿ, ಮುಳಿಯಾರುಗಳನ್ನು ದಕ್ಷಿಣದಿಂದ ಸೇರಿಸುವ ದಾರಿಯೇ ಮೇಲು. ಇನ್ನು ನಗರದೊಳಗಿನ ಕನ್ನಡಿಗರು ಹೊಸ ನಗರ ಕ್ಷೇತ್ರದಲ್ಲಿ ಈಗಿಗಿಂತಲೂ ಸಣ್ಣ ಅಲ್ಪಸಂಖ್ಯಾತರಾಗುತ್ತಾರೆ. ಅವರ ರಕ್ಷಣೆ ವಾರ್ಡಿನಲ್ಲಿದೆ, ಜೊತೆಗೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿದೆ: ಕನ್ನಡದಲ್ಲಿ ಬರೆದ ಅರ್ಜಿಗೆ ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ ಅದು. 2025ರಲ್ಲಿ ವಿಧಾನಸಭೆ ಅಂಗೀಕರಿಸಿದ ಮಲಯಾಳಂ ಭಾಷಾ ಮಸೂದೆಯ ಸುತ್ತ ಎದ್ದ ಆತಂಕವೂ ಈ ಅವಕಾಶದ ಬಗ್ಗೆಯೇ. ಬಳಸದ ಹಕ್ಕನ್ನು ಉಳಿಸಿಕೊಡಿ ಎಂದು ಕೇಳುವುದು ಕಷ್ಟ. ಕಂದಾಯ, ಮನೆ ತೆರಿಗೆ, ಜನನ ಪತ್ರದ ಅರ್ಜಿಗಳನ್ನು ಈಗಿನಿಂದಲೇ ಕನ್ನಡದಲ್ಲಿ ಬರೆದು ಸ್ವೀಕೃತಿ ಪತ್ರ ಪಡೆದು ಇಟ್ಟುಕೊಳ್ಳಬೇಕು.

ಕಳೆದ ಸಲದ ಕಾಯ್ದೆಯಂತೆ ಪುನರ್ವಿಂಗಡಣಾ ಆಯೋಗಕ್ಕೆ ಪ್ರತಿ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿದ್ದರು. ಅವರಿಗೆ ಮತದ ಹಕ್ಕಿರಲಿಲ್ಲ. 140ರಲ್ಲಿ ಐವರು ಎಂದರೆ ಕಾಸರಗೋಡಿನ ಶಾಸಕರೊಬ್ಬರು ಅದರಲ್ಲಿರುತ್ತಾರೆಂಬ ಖಾತ್ರಿಯಿಲ್ಲ. ಲೋಕಸಭಾ ಕ್ಷೇತ್ರವಾದರೂ ಕಣ್ಣೂರು ಜಿಲ್ಲೆಯ ಪಯ್ಯನ್ನೂರು, ಕಲ್ಯಾಶ್ಶೇರಿಯವರೆಗೆ ಚಾಚಿದೆ. ಅಂತಿಮ ಆದೇಶಕ್ಕೆ ಕಾನೂನಿನ ಬಲವಿದೆ. 329ನೇ ವಿಧಿ ನ್ಯಾಯಾಲಯದ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿದೆ. ಕರಡು ಪ್ರಕಟವಾದ ಮೇಲೆ ಆಕ್ಷೇಪಕ್ಕೆ, ಸಾರ್ವಜನಿಕ ವಿಚಾರಣೆಗೆ ಸಿಗುವ ವಾರಗಳಲ್ಲೇ ಎಲ್ಲವೂ ಆಗಬೇಕು. ಆ ವಾರಗಳಲ್ಲಿ ನಕ್ಷೆ ಬಿಡಿಸಲು ಕೂತರೆ ತಡವಾಯಿತು.

ಆದ್ದರಿಂದ ಪಂಚಾಯತ್‌ಗಳ ನಿರ್ಣಯ ಮೊದಲು ಬೇಕು. ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಬದಿಯಡ್ಕ, ದೇಲಂಪಾಡಿ, ಮುಳಿಯಾರು ಆಡಳಿತ ಮಂಡಳಿಗಳು, ಸಾಧ್ಯವಾದರೆ ಗ್ರಾಮಸಭೆಗಳೂ, ಒಂದೇ ಒಕ್ಕಣೆಯ ನಿರ್ಣಯ ಅಂಗೀಕರಿಸಬೇಕು. ಗ್ರಾಮಸಭೆಯ ಕೋರಂ ಮತದಾರರ ಶೇ. 10, ಹಾಜರಿ ಪುಸ್ತಕದಲ್ಲಿ ಅಷ್ಟು ಸಹಿ ಇಲ್ಲದಿದ್ದರೆ ನಿರ್ಣಯಕ್ಕೆ ಬೆಲೆಯಿಲ್ಲ. ಒಕ್ಕಣೆ ಮಲಯಾಳಂ, ಕನ್ನಡ ಎರಡರಲ್ಲೂ ಇರಲಿ. ಅದಕ್ಕೆ ಲಗತ್ತಿಸಬೇಕಾದದ್ದು ಪಂಚಾಯತ್‌ವಾರು ಜನಸಂಖ್ಯೆಯ ಪಟ್ಟಿ, ಬ್ಲಾಕ್ ಗಡಿಯ ಮೇಲೆ ವಿಧಾನಸಭೆಯ ಗೆರೆಯನ್ನು ಕೆಂಪಿನಲ್ಲಿ ತೋರಿಸಿದ ನಕ್ಷೆ, ಎರಡೂ ರಸ್ತೆಗಳ ಬಸ್ ವೇಳಾಪಟ್ಟಿ, ಅಡೂರಿನಿಂದ ಉದುಮಕ್ಕೂ ಮುಳ್ಳೇರಿಯಕ್ಕೂ ಇರುವ ದೂರ. 2027ರ ಅಂಕಿ ಬಂದ ದಿನ ಜನಸಂಖ್ಯೆಯ ಕಾಲಂ ಒಂದನ್ನು ಬದಲಿಸಿದರೆ ಸಾಕು, ಉಳಿದ ಕಡತ ಸಿದ್ಧವಾಗಿರುತ್ತದೆ.